ಎಷ್ಟು ಕೊಡುತ್ತದೆ?

ನಾಗಪುರದಿಂದ ಪೂರ್ವಕ್ಕೆ, ಭಂಡಾರದ ರಸ್ತೆಯಲ್ಲಿ ಸುಮಾರು ೩೫ ಕಿಲೋಮೀಟರು ಹೋದರೆ ಕನ್ಹಾನ್ ನದಿಯ ದಡದಲ್ಲಿ ಮೌದಾ ಎಂಬ ತಾಲ್ಲೂಕಿನ ಊರು ಸಿಕ್ಕುತ್ತದೆ. ಸುತ್ತ ಬತ್ತದ ಗದ್ದೆ. ಒಂದು ಕಡೆ ಎನ್‌ಟಿಪಿಸಿಯವರ ೨೩೨೦ ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ. ಪಕ್ಕದಲ್ಲೇ ಹಗಲಿರುಳು ಲಾರಿಗಳು ಓಡುವ ಹೆದ್ದಾರಿ. ಹಿಂದೆ ಆರನೆಯ ನಂಬರಿನದಾಗಿದ್ದ ಈ ಹೆದ್ದಾರಿಗೆ ಈಗ ೫೩ ಎಂದು ನಂಬರು. ಇಂಥ ಊರಿನಲ್ಲಿಯೂ ಕನ್ನಡದವರಿದ್ದಾರೆಯೆ ಎಂದು ವಾಚಕರು ಕೇಳಬಹುದು. ಇದ್ದೇವೆ. ವರ್ಗಾವಣೆ ಎಂಬುದೊಂದು ಇರುವವರೆಗೆ ಕನ್ನಡಿಗನಿಲ್ಲದ ಊರು ಈ ದೇಶದಲ್ಲಿ ಇರಲಾರದು. ಸ್ಥಾವರದ ಎಂಜಿನಿಯರೊಬ್ಬರು, ಬ್ಯಾಂಕಿನವರೊಬ್ಬರು, ಶಾಲೆಯ ಮೇಷ್ಟ್ರೊಬ್ಬರು, ಔಷಧದ ಕಂಪೆನಿಯ ಪ್ರತಿನಿಧಿಯೊಬ್ಬರು, ಸರ್ಕಾರಿ ಕಚೇರಿಯ ಗುಮಾಸ್ತರಾದ ನಾವು, ಹೀಗೆ ಐದು ಸಂಸಾರ. ಐದು ಸಂಸಾರಕ್ಕೆ ಐದು ಕಾರು.

ಭಾನುವಾರ ಸಂಜೆ ನಮ್ಮ ಮನೆಯ ಮುಂದಿನ ಬೇವಿನ ಮರದ ಕೆಳಗೆ ಎಲ್ಲರೂ ಕೂಡುವುದು ವಾಡಿಕೆ. ಮಕ್ಕಳ ಕಿವಿಗೆ ಕನ್ನಡ ಬೀಳಲಿ ಎಂಬುದು ಹೇಳಿಕೊಳ್ಳುವ ಉದ್ದೇಶ. ಆದರೆ ನಡೆಯುವುದು ಕಾರಿನ ಪುರಾಣ. ಹೆಂಗಸರು ಕಾಫಿ ತಂದಿಟ್ಟು, “ಇವತ್ತು ಯಾವ ಅಧ್ಯಾಯ?” ಎಂದು ಕೇಳಿ ಒಳಗೆ ಹೋಗಿಬಿಡುತ್ತಾರೆ. ಅಧ್ಯಾಯ ಯಾವುದಾದರೂ ಆಗಲಿ, ಮೊದಲನೆಯ ಶ್ಲೋಕ ಮಾತ್ರ ಒಂದೇ: “ಎಷ್ಟು ಕೊಡುತ್ತದೆ?”

ಹಸು ಕೊಳ್ಳುವವನು ಕೇಳುವ ಪ್ರಶ್ನೆಯೂ ಇದೇ. ನಮ್ಮ ಹಿರಿಯರು ಸಂತೆಯಲ್ಲಿ ಹಸುವಿನ ಬೆನ್ನು ಸವರಿ “ಹೊತ್ತಿಗೆ ಎಷ್ಟು ಕೊಡುತ್ತದೆ?” ಎನ್ನುತ್ತಿದ್ದರು, ನಾವು ಬಾನೆಟ್ಟಿನ ಮೇಲೆ ಕೈಯಿಟ್ಟು “ಲೀಟರಿಗೆ ಎಷ್ಟು ಕೊಡುತ್ತದೆ?” ಎನ್ನುತ್ತೇವೆ. ಹಾಲಾದರೆ ಅಳೆದು ನೋಡಬಹುದು. ಕಾರಿನ ವಿಷಯದಲ್ಲಿ ಮಾಲೀಕನ ಮಾತನ್ನೇ ನಂಬಬೇಕು. ಮಾಲೀಕನಾದವನು ತನ್ನ ಕಾರಿನ ಮರ್ಯಾದೆ ಕಾಯುವುದು ಸಹಜ. ಪ್ರತಿನಿಧಿಯವರ ಗಾಡಿ ಲೀಟರಿಗೆ ೨೪ ಕಿಲೋಮೀಟರು ಕೊಡುತ್ತದಂತೆ. ಇಳಿಜಾರಿನಲ್ಲೋ ಎಂದು ಮೇಷ್ಟ್ರು ಕೇಳಿದ ದಿನ ಅವರು ಕಾಫಿ ಕುಡಿಯದೆ ಎದ್ದು ಹೋದರು.

ಗುಮಾಸ್ತರಿಗೆ ಲೆಕ್ಕ ಬರೆಯದಿದ್ದರೆ ನಿದ್ದೆ ಬಾರದು. ಟ್ಯಾಂಕು ತುಂಬ ಹಾಕಿಸಿ, ಓಡಿದ ದೂರ ಬರೆದಿಟ್ಟು, ಮತ್ತೆ ಅದೇ ಬಂಕಿನಲ್ಲಿ ತುಂಬ ಹಾಕಿಸಿ, ಹಿಡಿಸಿದ ಲೀಟರಿನಿಂದ ಭಾಗಿಸಿ ನೋಡುವ ಪದ್ಧತಿಯನ್ನು ನಾವು ಬಿಡದೆ ನಡೆಸಿಕೊಂಡು ಬಂದಿದ್ದೇವೆ. ನಮ್ಮದು ೨೦೧೭ರ ಸಣ್ಣ ಪೆಟ್ರೋಲು ಕಾರು, ಕೈಬದಲಾಗಿ ಬಂದದ್ದು. ಡಿಸೆಂಬರಿನಲ್ಲಿ ಹತ್ತೊಂಬತ್ತು ಕೊಟ್ಟದ್ದು ಏಪ್ರಿಲಿನಲ್ಲಿ ಹದಿನಾರಕ್ಕೆ ಇಳಿಯಿತು. ಪುಸ್ತಕ ತೆರೆದು ತೋರಿಸಿದ ಕೂಡಲೇ ಸಭೆ ಎರಡು ಪಕ್ಷವಾಯಿತು. ಪೆಟ್ರೋಲಿಗೆ ಮದ್ಯಸಾರ ಬೆರಸುತ್ತಿರುವುದೇ ಕಾರಣವೆಂದು ಬ್ಯಾಂಕಿನವರ ಪಕ್ಷ. ಚಳಿಗಾಲದಲ್ಲಿ ಮುಚ್ಚಿದ್ದ ಎ.ಸಿ. ಬೇಸಿಗೆಯಲ್ಲಿ ಹೊಸಲು ದಾಟುವ ಮೊದಲೇ ಹೊತ್ತುತ್ತದೆ, ಅದನ್ನು ಮರೆತಿರಾ ಎಂದು ಎಂಜಿನಿಯರರ ಪಕ್ಷ.

ಈ ವಾದ ನಮ್ಮ ಬೇವಿನ ಮರಕ್ಕೆ ಮಾತ್ರ ಸೇರಿದ್ದಲ್ಲ. ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರಸುವ ಗುರಿಯನ್ನು ೨೦೩೦ಕ್ಕೆಂದು ಇಟ್ಟುಕೊಂಡಿದ್ದ ಸರ್ಕಾರ ಅದನ್ನು ೨೦೨೫ರಲ್ಲೇ ಮುಟ್ಟಿತು. ಆ ವರ್ಷದ ಆಗಸ್ಟಿನಲ್ಲಿ ದೇಶಕ್ಕೆ ದೇಶವೇ ಇದನ್ನು ಚರ್ಚಿಸಿತು. ಲೆಕ್ಕ ಕಷ್ಟದ್ದಲ್ಲ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲೊಂದು ಪಾಲು ಶಕ್ತಿ ಕಡಿಮೆ. ಐದರಲ್ಲೊಂದು ಪಾಲು ಬೆರಸಿದರೆ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಆರೇಳು ತಗ್ಗಬೇಕು. ನೀತಿ ಆಯೋಗದ ೨೦೨೧ರ ವರದಿಯೂ ಹಳೆಯ ಮಾದರಿಯ ಕಾರುಗಳಿಗೆ ಅಷ್ಟನ್ನೇ ಹೇಳಿತ್ತು. ಹೊಸ ಬೆರಕೆಗೆಂದು ಹೊಂದಿಸಿದ ಎಂಜಿನ್ನುಗಳಲ್ಲಿ ಒಂದೆರಡು ಮಾತ್ರ ಎಂದಿತ್ತು. ಹದಿನೆಂಟು ಕೊಡುವ ಗಾಡಿಗೆ ಇದರಿಂದ ಒಂದು ಕಿಲೋಮೀಟರು ಹೋಯಿತೆನ್ನೋಣ. ಮಿಕ್ಕ ಎರಡು ಎ.ಸಿ.ಯ ಪಾಲೆಂದು ತೀರ್ಮಾನ ಕೊಟ್ಟೆವು. ಎರಡು ಪಕ್ಷಕ್ಕೂ ಸಮಾಧಾನವಾಗಲಿಲ್ಲ. ೨೦೨೩ರ ಏಪ್ರಿಲಿಗಿಂತ ಹಳೆಯ ಗಾಡಿಯವರು ಮಾತ್ರ ಪೆಟ್ರೋಲು ಹರಿಯುವ ರಬ್ಬರು ಕೊಳವೆ, ವಾಷರುಗಳನ್ನು ಸರ್ವೀಸಿನಲ್ಲಿ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು.

ಮೇಷ್ಟ್ರು ಮಂಡ್ಯದ ಕಡೆಯವರು. ಕಬ್ಬಿಗೆ ಅವಮಾನವಾದರೆ ಸಹಿಸರು. ಪೆಟ್ರೋಲಿಗೆ ಮದ್ಯಸಾರ ಬೆರಸುವುದು ಹೊಸ ವಿದ್ಯೆಯೇ ಅಲ್ಲ, ೧೯೪೮ರಲ್ಲೇ ಭಾರತ ಸರ್ಕಾರ ಅದಕ್ಕೆಂದೇ ಪವರ್ ಆಲ್ಕೋಹಾಲ್ ಕಾನೂನು ಮಾಡಿತ್ತು, ಅದು ರದ್ದಾದದ್ದು ೨೦೦೦ದಲ್ಲಿ ಎಂದು ಎದೆ ಸೆಟೆಸಿ ಹೇಳಿದರು. ಅಲ್ಲಿಂದ ಅವರು ವಿಶ್ವೇಶ್ವರಯ್ಯನವರಿಗೆ ಬರುವುದು ನಿಶ್ಚಯ. ೧೯೩೦ರ ದಶಕದಲ್ಲೇ ನಮ್ಮ ನೆಲದಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು ವಿಶ್ವೇಶ್ವರಯ್ಯನವರು ಯೂರೋಪು ಅಮೆರಿಕಗಳನ್ನು ಸುತ್ತಿ ಬಂದು ಯೋಜನೆ ಹಾಕಿದ್ದೂ, ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯದೆ ಮೈಸೂರಿಗೆ ಅದು ದಕ್ಕದೆ ಹೋದದ್ದೂ, ಕೊನೆಗೆ ವಾಲ್‌ಚಂದ್ ಹೀರಾಚಂದರು ೧೯೪೪ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪೆನಿ ಕಟ್ಟಿದ್ದೂ ನಿಜವೇ. ಆದರೆ ತಿಂಗಳಿಗೆರಡು ಸಲ ಕೇಳಬೇಕಾಗಿರುವುದು ನಮ್ಮ ಪಾಲಿನ ಕರ್ಮ.

ಇನ್ನೊಂದು ಅಧ್ಯಾಯ ನಂಬರು ಹಲಗೆಯದು. ಪರಸ್ಥಳದಲ್ಲಿರುವ ಕನ್ನಡಿಗನಿಗೆ ಕೆಎ ಎಂಬ ಎರಡಕ್ಷರ ಎಷ್ಟು ಆಪ್ತವೆಂಬುದು ಊರಿನಲ್ಲಿರುವವರಿಗೆ ತಿಳಿಯದು. ಭಂಡಾರದ ರಸ್ತೆಯಲ್ಲಿ ಕೆಎ ಗಾಡಿ ಕಂಡರೆ ನಮ್ಮ ಮಗ ಕಿಟಕಿಯಿಂದ ಕೈ ಬೀಸುತ್ತಾನೆ. ಒಳಗಿದ್ದವರು ಗಾಬರಿಯಿಂದ ಚಕ್ರದಲ್ಲಿ ಗಾಳಿ ಹೋಗಿದೆಯೇನೋ ಎಂದು ಇಳಿದು ನೋಡಿದ್ದೂ ಉಂಟು. ನಾವು ೨೦೨೩ರಲ್ಲಿ ಇಲ್ಲಿಗೆ ಬಂದಾಗ ನಮ್ಮ ಗಾಡಿಯೂ ಕೆಎ. ಆದರೆ ೧೯೮೮ರ ಮೋಟಾರು ವಾಹನ ಕಾನೂನಿನ ೪೭ನೆಯ ಕಲಮಿನಂತೆ, ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟುಕೊಂಡ ಗಾಡಿಗೆ ಆ ರಾಜ್ಯದ ನಂಬರು ಪಡೆಯತಕ್ಕದ್ದು. ಹಳೆಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಹೊಸದಾಗಿ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯದನ್ನು ಹಿಂದಕ್ಕೆ ಕೇಳಿಕೊಳ್ಳಬೇಕು. ನಮ್ಮಂತೆ ಊರೂರು ಅಲೆಯುವವರಿಗೆಂದೇ ೨೦೨೧ರಲ್ಲಿ ಬಿಎಚ್ ಎಂಬ ಸಾಲು ಬಂತು. ಸರ್ಕಾರಿ ನೌಕರರು, ಬ್ಯಾಂಕಿನವರು, ನಾಲ್ಕು ರಾಜ್ಯಗಳಲ್ಲಾದರೂ ಕಚೇರಿಯುಳ್ಳ ಖಾಸಗಿ ಸಂಸ್ಥೆಯವರು ಅದಕ್ಕೆ ಅರ್ಹರು. ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು. ಬ್ಯಾಂಕಿನವರೂ ಎಂಜಿನಿಯರರೂ ಹೊಸ ಗಾಡಿ ಕೊಂಡು ಅದನ್ನೇ ಹಾಕಿಸಿಕೊಂಡರು. ನಮ್ಮ ಹಳೆಯ ಗಾಡಿಗೆ ಅಷ್ಟು ವೈಭವ ಬೇಡವೆಂದು ನಾಗಪುರ ಗ್ರಾಮಾಂತರದ ಎಂಎಚ್ ೪೦ ಎಂಬ ನಂಬರು ಹಾಕಿಸಿದೆವು. ಹಳೆಯ ಹಲಗೆ ಬಿಚ್ಚಿದ ದಿನ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ.

ಇನ್ನು ಟೈರು. ನಿಜವಾಗಿ ಹೇಳಬೇಕೆಂದು ಕುಳಿತಿರುವುದೇ ಈ ವಿಷಯ. ಮೇಲಿನದೆಲ್ಲ ಬೇವಿನ ಮರದ ಗಾಳಿ.

ಇಲ್ಲಿಯ ಬಿಸಿಲಿನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ನಮ್ಮ ಕಡೆ ಮೇ ಕೊನೆಗೆ ರೋಹಿಣಿ ಬಂತೆಂದರೆ ರೈತ ಆಕಾಶ ನೋಡುತ್ತಾನೆ. ರೋಹಿಣಿ ಎಂದರೆ ಮಳೆ. ಇಲ್ಲಿ ಅದೇ ರೋಹಿಣಿಯ ಮೊದಲ ಒಂಬತ್ತು ದಿನಕ್ಕೆ ನವತಪಾ ಎಂದು ಹೆಸರು. ಎಂದರೆ ಒಂಬತ್ತು ದಿನದ ಕುದಿ. ನೆರಳಿನಲ್ಲಿಯೇ ೪೫ ಡಿಗ್ರಿ ದಾಟುವುದು ಅಪೂರ್ವವಲ್ಲ. ರಸ್ತೆಯ ಮೈ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಇಂಥ ಊರಿನಲ್ಲಿ ಟೈರಿಗೆ ಎಷ್ಟು ಗಾಳಿ ಹಾಕಿಸಬೇಕೆಂಬ ಪ್ರಶ್ನೆಗೆ ಪಂಕ್ಚರ್ ಅಂಗಡಿಗೊಂದು ಉತ್ತರ.

“ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತದೆ, ಆದ್ದರಿಂದ ನಾಲ್ಕೈದು ಪೌಂಡು ಕಡಿಮೆಯೇ ಹಾಕಿಸಬೇಕು.” ಹೀಗೆಂದು ಬೇವಿನ ಮರದ ಕೆಳಗೆ ಬಹು ಗಂಭೀರವಾಗಿ ಅಪ್ಪಣೆ ಕೊಡಿಸಿದವರು ಬೇರೆ ಯಾರೂ ಅಲ್ಲ, ನಾವೇ. ಬಿ.ಎ. ಓದಿದವರ ಬಾಯಲ್ಲಿ ಭೌತಶಾಸ್ತ್ರ ಬಂತೆಂದು ಮೇಷ್ಟ್ರು ತಲೆದೂಗಿದರು. ಎಂಜಿನಿಯರರು ಮಾತ್ರ ಒಪ್ಪಲಿಲ್ಲ. ಹಗಲೆಲ್ಲ ಶಾಖ, ಒತ್ತಡಗಳ ನಡುವೆಯೇ ಇರುವವರು ಅವರು. “ಸ್ವಾಮಿ, ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಸುತ್ತು ಸುತ್ತಿಗೂ ಹೆಚ್ಚು ಮಡಿಸಿಕೊಳ್ಳುತ್ತದೆ. ಮಡಿಸಿ ಬಿಡಿಸಿ ಮಾಡಿದರೆ ತಂತಿಯೇ ಬಿಸಿಯಾಗುತ್ತದೆ, ರಬ್ಬರಿನ ಪಾಡೇನು? ಬಿಸಿಲಿನ ಶಾಖದ ಮೇಲೆ ಈ ಶಾಖವೂ ಸೇರುತ್ತದೆ. ಬಾಗಿಲ ಬಳಿ ಕಂಪೆನಿಯವರು ಅಂಟಿಸಿರುವ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟನ್ನು, ಬೆಳಗಿನ ತಂಪಿನಲ್ಲಿ ಹಾಕಿಸಿ. ಓಡಿದ ಮೇಲೆ ಮೂರು ನಾಲ್ಕು ಪೌಂಡು ಏರುವುದು ಅವರಿಗೂ ಗೊತ್ತು, ಬಿಸಿಯಿದ್ದಾಗ ಅಳೆದು ಗಾಳಿ ಬಿಡಬೇಡಿ” ಎಂದರು. ಪ್ರತಿನಿಧಿಯವರು ಸಾರಜನಕ ತುಂಬಿಸಿದರೆ ಈ ತೊಂದರೆಯೇ ಇಲ್ಲವೆಂದರು. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ ೭೮ ಪಾಲು ಸಾರಜನಕವಿದೆ, ಉಳಿದದ್ದಕ್ಕೆ ದುಡ್ಡು ಕೊಡುವುದೇಕೆ ಎಂದು ಬ್ಯಾಂಕಿನವರು ಕೇಳಿದರು. ಮಾತು ಅತ್ತ ಹೊರಳಿ ನಮ್ಮ ಅಭಿಪ್ರಾಯ ನಮ್ಮಲ್ಲೇ ಉಳಿಯಿತು. ಬಾಗಿಲ ಚೀಟಿಯಲ್ಲಿ ೩೩ ಎಂದಿತ್ತು. ನಾವು ೨೮ ಹಾಕಿಸಿದೆವು.

೨೦೨೫ರ ಏಪ್ರಿಲ್ ಕೊನೆಯ ವಾರ ಚಿಕ್ಕಬಳ್ಳಾಪುರದಲ್ಲಿ ನಮ್ಮ ಅಕ್ಕನ ಮಗಳ ಮದುವೆ. ರೈಲಿನಲ್ಲಿ ಸ್ಥಳ ಸಿಕ್ಕಲಿಲ್ಲ. ನಾಗಪುರದಿಂದ ೪೪ನೆಯ ಹೆದ್ದಾರಿ ಹಿಡಿದರೆ ಆದಿಲಾಬಾದು, ಹೈದರಾಬಾದು, ಕರ್ನೂಲು, ಅನಂತಪುರ ದಾಟಿ ನೇರವಾಗಿ ನಮ್ಮ ಮನೆ ಬಾಗಿಲಿಗೇ ಬರುತ್ತದೆ; ಸಾವಿರ ಕಿಲೋಮೀಟರಿಗೆ ಸ್ವಲ್ಪ ಮೇಲೆ. ಕಾರಿನಲ್ಲೇ ಹೊರಡುವುದೆಂದಾಯಿತು. ಹೊರಡುವ ಮುನ್ನ ಎಂಜಿನ್ ಎಣ್ಣೆ, ರೇಡಿಯೇಟರಿನ ಕೂಲೆಂಟು, ಬ್ಯಾಟರಿ ಎಲ್ಲವನ್ನೂ ನೋಡಿಸಿದೆವು. ಟೈರುಗಳನ್ನು ನಮ್ಮ ಕೈಯಿಂದಲೇ ಸವರಿ ನೋಡಿದೆವು. ಗ್ರಿಪ್ಪು ಮುಕ್ಕಾಲು ಪಾಲು ಉಳಿದಿತ್ತು. ಗಾಡಿ ಎಂಟು ವರ್ಷದಲ್ಲಿ ಓಡಿದ್ದೇ ಮೂವತ್ತೆರಡು ಸಾವಿರ ಕಿಲೋಮೀಟರು. “ಹೊಸದರಂತಿದೆ” ಎಂದು ನಮಗೆ ನಾವೇ ಸರ್ಟಿಫಿಕೇಟು ಕೊಟ್ಟುಕೊಂಡೆವು.

ಬೆಳಗಿನ ಜಾವ ಹೊರಟೆವು. ನಮ್ಮಾಕೆ ಮುಂದೆ, ಅಮ್ಮ ಮತ್ತು ಇಬ್ಬರು ಮಕ್ಕಳು ಹಿಂದೆ. ಹಿಂದಿನ ಸೀಟಿನಲ್ಲಿ ಬೆಲ್ಟು ಬೇಕೆ ಬೇಡವೆ ಎಂಬುದು ಬೇವಿನ ಮರದ ಇನ್ನೊಂದು ಹಳೆಯ ವ್ಯಾಜ್ಯ. ೨೦೨೨ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕುಳಿತಿದ್ದಾಗ ಅಪಘಾತದಲ್ಲಿ ತೀರಿಕೊಂಡ ಮೇಲೆ ನಾಲ್ಕು ವಾರ ಎಲ್ಲರೂ ಕಟ್ಟಿದರು. ಐದನೆಯ ವಾರ ಮರೆತರು. ಅಮ್ಮನಿಗೆ ಅದು ಸೀರೆಯ ಮೇಲೆ ಹಗ್ಗ ಕಟ್ಟಿದಂತೆ. ಬುಟಿಬೋರಿಯ ಹತ್ತಿರ ಚಹಾಕ್ಕೆ ನಿಂತು ಮತ್ತೆ ಹತ್ತುವಾಗ ನಮ್ಮಾಕೆ, “ಅತ್ತೆ, ನನಗೋಸ್ಕರ ಕಟ್ಟಿಕೊಳ್ಳಿ” ಎಂದು ತಾನೇ ಹಿಂದಕ್ಕೆ ಬಂದು ಮೂವರಿಗೂ ಸಿಕ್ಕಿಸಿದಳು. ಅಮ್ಮ ಗೊಣಗಿದರು, ಬಿಚ್ಚಲಿಲ್ಲ.

ಪೈನ್‌ಗಂಗಾ ನದಿ ದಾಟಿ ತೆಲಂಗಾಣ ಸೇರಿದೆವು. ನಿರ್ಮಲ್ ದಾಟಿತು, ಗೋದಾವರಿಯ ಸೇತುವೆಯೂ ದಾಟಿತು. ಅಮ್ಮ ನದಿಗೆ ನಾಣ್ಯ ಹಾಕಿಸಿದರು. ನಡುಹಗಲು, ಬಿಸಿಲು ನಾಲ್ವತ್ತನ್ನು ಎಂದೋ ದಾಟಿತ್ತು. ವೇಗ ಎಂಬತ್ತೈದರ ಸುಮಾರು. ಸೇತುವೆಯಿಂದ ಕೊಂಚ ದೂರ ಹೋಗಿರಬೇಕು, ಹಿಂದುಗಡೆ ಪಟಾಕಿ ಸಿಡಿದಂತೆ ಸದ್ದಾಯಿತು. ಗಾಡಿಯ ಹಿಂಭಾಗ ಎಡಕ್ಕೆ ಕುಸಿದು, ಬಾಲ ಬೀಸಿದ ಎಮ್ಮೆಯಂತೆ ಆ ಕಡೆ ಈ ಕಡೆ ಹೊಯ್ದಾಡಿತು. ನಾವು ಬ್ರೇಕು ಒತ್ತಲಿಲ್ಲ. ಇಂಥ ಸಮಯದಲ್ಲಿ ಬ್ರೇಕು ಒತ್ತಬಾರದು, ಸ್ಟಿಯರಿಂಗನ್ನು ಬಿಗಿಯಾಗಿ ನೇರಕ್ಕೆ ಹಿಡಿದು ಗಾಡಿ ತಾನಾಗಿ ನಿಧಾನವಾಗಲು ಬಿಡಬೇಕು ಎಂದು ಆಮೇಲೆ ಎಲ್ಲರೂ ನಮ್ಮ ಸಮಯಸ್ಫೂರ್ತಿಯನ್ನು ಹೊಗಳಿದರು. ವಾಚಕರಲ್ಲಿ ಸುಳ್ಳೇಕೆ? ನಮ್ಮ ಕಾಲು ಮರಗಟ್ಟಿ ಹೋಗಿತ್ತು. ನಡುವಿನ ದಿಂಡಿನ ಕಡೆಗೆ ಒಮ್ಮೆ ಹೋಗಿ, ಹಿಂದಿನ ಲಾರಿಯವನ ಹಾರನ್ನು ಕಿವಿ ತುಂಬಿ, ಹೇಗೋ ಎಡಬದಿಯ ಮಣ್ಣಿಗೆ ಬಂದು ನಿಂತಿತು.

ಹಿಂದೆ ತಿರುಗಿ ನೋಡಲು ಒಂದು ಗಳಿಗೆ ಧೈರ್ಯವಾಗಲಿಲ್ಲ. ಸಿಡಿದದ್ದು ಹಿಂದಿನ ಎಡ ಚಕ್ರ. ಅದರ ಮೇಲೆಯೇ ಅಮ್ಮ ಕುಳಿತಿದ್ದದ್ದು. ಅವರ ತಲೆ ಕಿಟಕಿಗೆ ಬಡಿದು ಹಣೆಯ ಮೇಲೆ ಬೋರೆ ಎದ್ದಿತ್ತು, ಅಷ್ಟೆ. ಬೆಲ್ಟನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು. ಮಗಳು ಅಳುತ್ತಿದ್ದಳು. ಮಗ ಮಾತ್ರ, “ಅಪ್ಪ, ಏನದು ಸದ್ದು?” ಎಂದ. ನಮ್ಮಾಕೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಹಾರನ್ ಮಾಡಿದ ಲಾರಿಯೇ ಮುಂದೆ ನಿಂತು ಚಾಲಕ ಇಳಿದು ಬಂದ. ತಮಿಳುನಾಡಿನ ಗಾಡಿ, ಆತನ ಹಿಂದಿ ನಮ್ಮದಕ್ಕಿಂತ ಚೆನ್ನಾಗಿತ್ತು. ಮೊದಲು ಅಮ್ಮನಿಗೆ ನೀರು ಕೊಟ್ಟ. ಜಾಕು ಹಾಕಿ ಚಕ್ರ ಬಿಚ್ಚುತ್ತ ಟೈರಿನ ಪಕ್ಕೆಯ ಮೇಲೆ ಬೆರಳಿಟ್ಟು, “ಸಾರ್, ಇದನ್ನು ಓದಿದ್ದೀರಾ?” ಎಂದ. ಒಂದು ಸಣ್ಣ ಚೌಕಟ್ಟಿನೊಳಗೆ ೨೩೧೭ ಎಂದು ನಾಲ್ಕು ಅಂಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ೨೦೧೭ರ ಇಪ್ಪತ್ತಮೂರನೆಯ ವಾರದಲ್ಲಿ ಹುಟ್ಟಿದ ಟೈರು. ಓಡದೆ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ, ಬಿಸಿಲಿನ ಊರಿನಲ್ಲಿ ಬೇಗ ಆಗುತ್ತದೆ, ಐದಾರು ವರ್ಷವಾದ ಮೇಲೆ ಗ್ರಿಪ್ಪು ನೋಡಿ ನಂಬಬಾರದು ಎಂದು ಆತ ವಿವರಿಸಿದ. ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಕೈಯಿಂದ ಸವರಿದ್ದೆವು, ಕಣ್ಣಿನಿಂದ ನೋಡಿರಲಿಲ್ಲ. ಗಾಳಿ ಎಷ್ಟಿತ್ತು ಎಂದು ಕೇಳಿದ. ಹೇಳಿದೆವು. ಆತ ಏನೂ ಹೇಳದೆ ನಟ್ಟು ಬಿಗಿಮಾಡಿದ. ಎಂಜಿನಿಯರರ ಮುಖ ನಮ್ಮ ಕಣ್ಣ ಮುಂದೆ ಬಂತು. ಹಣ ಕೊಡಹೋದರೆ ಆತ ಮಕ್ಕಳ ಕೈಯಲ್ಲಿದ್ದ ಚಕ್ಕುಲಿ ಎರಡು ತೆಗೆದುಕೊಂಡು ಹೋದ.

ಸ್ಟೆಪ್ನಿಯ ವಯಸ್ಸೂ ಅದೇ. (ವೇಲ್ಸ್ ದೇಶದ ಲನೆತ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಮೊದಲು ತಯಾರಾದ್ದರಿಂದ ಹೆಚ್ಚಿನ ಚಕ್ರಕ್ಕೆ ಈ ಹೆಸರು, ಆ ಬೀದಿಯನ್ನು ನೆನೆಯುವವರು ಇಂದು ನಮ್ಮ ದೇಶದ ಪಂಕ್ಚರ್ ಅಂಗಡಿಯವರು ಮಾತ್ರವೇನೋ.) ಅದರ ಮೇಲೆ ನಾಲ್ವತ್ತರ ವೇಗದಲ್ಲಿ ತೆವಳಿ ಆರ್ಮೂರು ಸೇರಿದೆವು. ಅಲ್ಲಿ ನಾಲ್ಕು ಟೈರನ್ನೂ ಬದಲಾಯಿಸಿದೆವು. ಹದಿನೆಂಟು ಸಾವಿರ. ಅದು ಮದುಮಗಳ ಉಡುಗೊರೆಗೆಂದು ವರ್ಷದಿಂದ ಕೂಡಿಟ್ಟ ಹಣ. ಮೊದಲು ಎರಡೇ ಕೊಳ್ಳೋಣವೆಂದು ನಾವು ಅನುಮಾನಿಸಿದ್ದುಂಟು. ಎರಡೇ ಆದರೆ ಮುಂದಕ್ಕೆ ಹಾಕುತ್ತೇನೆಂದು ಅಂಗಡಿಯವನ ಹಟ. ಎಲ್ಲರೂ ಹಾಗೆಯೇ ಹೇಳುವುದು. ಟೈರು ತಯಾರಿಸುವವರ ಸಲಹೆ ಇದಕ್ಕೆ ವಿರುದ್ಧ. ಮುಂದಿನ ಚಕ್ರ ಜಾರಿದರೆ ಚಾಲಕನಿಗೆ ತಿಳಿಯುತ್ತದೆ, ಹಿಂದಿನದು ಜಾರಿದರೆ ಗಾಡಿಯೇ ತಿರುಗುತ್ತದೆ. ಆದ್ದರಿಂದ ಒಳ್ಳೆಯ ಜೋಡಿ ಹಿಂದಿರಲಿ ಎನ್ನುತ್ತಾರೆ. ನಾವು ಈ ವಾದಕ್ಕೆ ಇಳಿಯುವಷ್ಟರಲ್ಲಿ ನಮ್ಮಾಕೆ ಅಂದಿನ ಮೊದಲನೆಯ ಮಾತಾಡಿದಳು: “ರೀ, ನಾಲ್ಕೂ ಹಾಕಿಸಿ.”

ಮರುದಿನ ಸಂಜೆ ಬಾಗೇಪಲ್ಲಿಯ ಟೋಲಿನಲ್ಲಿ ಹುಡುಗನೊಬ್ಬ ನಮ್ಮ ಎಂಎಚ್ ೪೦ ನೋಡಿ ಹಿಂದಿಯಲ್ಲಿ ಏನೋ ಕೇಳಿದ. ಸ್ವಂತ ಜಿಲ್ಲೆಗೆ ಕಾಲಿಡುವಾಗ ಹಿಂದಿ! ಅಮ್ಮ ಹಿಂದಿನಿಂದ ಬಗ್ಗಿ, “ಏನಪ್ಪಾ, ನಾವು ಇಲ್ಲಿಯವರೇ” ಎಂದರು. ಹುಡುಗ ನಕ್ಕು, “ಬನ್ನಿ ಅಜ್ಜಿ, ಹಣೆಗೇನಾಯಿತು?” ಎಂದ. ಉಡುಗೊರೆಯ ವಿಷಯ ಅಕ್ಕನಿಗೆ ಹೇಳಿದಾಗ ಆಕೆ ಮೊದಲು ಅಮ್ಮನ ಹಣೆ ಮುಟ್ಟಿ ನೋಡಿದಳು; ಆಮೇಲೆ ನಮ್ಮನ್ನು ಬೈದಳು. ಹುಡುಗಿಗೆ ಒಂದು ಸಾಧಾರಣ ಸೀರೆ ಕೊಟ್ಟೆವು.

ಮೌದಾಕ್ಕೆ ಹಿಂದಿರುಗಿದ ಭಾನುವಾರ ಎಲ್ಲರೂ ಸೇರಿದಾಗ ನಡೆದದ್ದನ್ನು ಒಂದೂ ಬಿಡದೆ, ೨೮ ಪೌಂಡಿನ ವಿಷಯವನ್ನೂ ಸೇರಿಸಿ ಹೇಳಿದೆವು. ಎಂಜಿನಿಯರರು “ನಾನು ಅಂದೇ ಹೇಳಿದ್ದೆ” ಎನ್ನಲಿಲ್ಲ, ದೊಡ್ಡ ಮನುಷ್ಯರು. ನಾಗಪುರದಿಂದ ಮುಂಬಯಿಗೆ ೭೦೧ ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗದ ಮೊದಲ ಭಾಗ ೨೦೨೨ರ ಡಿಸೆಂಬರಿನಲ್ಲಿ ತೆರೆದ ಮೇಲೆ ಟೈರು ಸಿಡಿದು ಅಪಘಾತಗಳಾದದ್ದನ್ನೂ, ಸವೆದ ಟೈರಿನ ಗಾಡಿಗಳನ್ನು ಸಾರಿಗೆ ಇಲಾಖೆಯವರು ತಡೆದದ್ದನ್ನೂ ಪತ್ರಿಕೆಯಲ್ಲಿ ನಾವೆಲ್ಲ ಓದಿದ್ದೆವು. ಓದಿ, ಬೇರೆಯವರ ವಿಷಯವೆಂದು ಮಡಿಸಿಟ್ಟಿದ್ದೆವು ಎಂದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಪ್ರತಿನಿಧಿಯವರು ಕೆಮ್ಮಿ, “ಅದಿರಲಿ, ದಾರಿಯಲ್ಲಿ ಎಷ್ಟು ಕೊಟ್ಟಿತು?” ಎಂದು ಕೇಳಿದರು. ಹದಿನೇಳೂವರೆ ಎಂದೆವು.

ಕತ್ತಲಾದ ಮೇಲೆ ಟಾರ್ಚು ಹಿಡಿದು ಐವರೂ ಮೊಣಕಾಲೂರಿ ಎಲ್ಲ ಗಾಡಿಗಳ ಟೈರು ಓದಿದೆವು. ಕೆಲವು ಟೈರುಗಳಲ್ಲಿ ಅಂಕಿ ಒಳಮಗ್ಗುಲಲ್ಲಿರುತ್ತದೆ. ಕೆಳಗೆ ನುಸುಳಿ ನೋಡಬೇಕು. ಮಕ್ಕಳಿಗೆ ಅದೊಂದು ಆಟವಾಯಿತು. ಮೇಷ್ಟ್ರ ಗಾಡಿಯದು ೨೦೧೬ರದೆಂದು ಸಿಕ್ಕಿತು. ಅವರು ಬುಧವಾರ ರಜೆ ಹಾಕಿ ನಾಗಪುರಕ್ಕೆ ಹೋಗಿ ಬದಲಾಯಿಸಿಕೊಂಡು ಬಂದರು. ಒಂದೂವರೆ ಸಾವಿರ ಹೆಚ್ಚು ಕೊಟ್ಟರೆಂದು ಬ್ಯಾಂಕಿನವರ ಅಭಿಪ್ರಾಯ.